ಸಿಸ್ಟಮ್‌ಡಿ ಎಂಬ ಹೈಡ್ರಾ: ಸರ್ವರ್‌ಗಳನ್ನು ಬದಲಾಯಿಸಲೇಬೇಕೆ?

ಪ್ರಶ್ನೆ: ಒಂದು ಸಣ್ಣ ಸಂಸ್ಥೆಯ ಸರ್ವರ್‌ಗಳನ್ನು ನಾನು ಮತ್ತು ನನ್ನ ಹಿರಿಯ ಸಹೋದ್ಯೋಗಿ ನೋಡಿಕೊಳ್ಳುತ್ತೇವೆ. ಎಲ್ಲವೂ ಡೆಬಿಯನ್ ಎಂಬ ಲಿನಕ್ಸ್ ವಿತರಣೆ, ಕೆಲವು ಹೊಸವು, ಕೆಲವು ಇನ್ನೂ 10ನೇ ಆವೃತ್ತಿಯಲ್ಲೇ ಇವೆ. ಹಳೆಯ ಯುನಿಕ್ಸ್ ಯಂತ್ರಗಳಲ್ಲಿ ಪಳಗಿದ ನನ್ನ ಸಹೋದ್ಯೋಗಿಗೆ, ಯಂತ್ರ ಏಳುವಾಗ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ಎಂಬ ತಂತ್ರಾಂಶ ಕಂಡರೆ ಆಗುವುದಿಲ್ಲ. ಅವರು ಅದನ್ನು ಒಂದು ದಿನ ಹೈಡ್ರಾ ಎನ್ನುತ್ತಾರೆ, ಇನ್ನೊಂದು ದಿನ ಕ್ತುಲ್ಹು ಎನ್ನುತ್ತಾರೆ, ಮತ್ತೊಂದು ದಿನ ಫ್ರಾಂಕೆನ್‌ಸ್ಟೈನ್. ಎಲ್ಲವನ್ನೂ ಸಿಸ್ಟಮ್‌ಡಿ ಇಲ್ಲದ ಲಿನಕ್ಸ್‌ಗಳಾದ ಡೆವುವಾನ್‌ಗೋ ಆಲ್ಪೈನ್‌ಗೋ ಸಾಗಿಸೋಣ ಎಂಬುದು ಅವರ ಪಟ್ಟು. ನನಗೆ ಕಾಣುವ ತೊಂದರೆಗಳು ಎರಡು. ಕೆಲವು ಸರ್ವರ್‌ಗಳು ರೀಬೂಟ್ ಆಗುವಾಗ ಯಾವುದೋ ಸೇವೆಯನ್ನು ನಿಲ್ಲಿಸುತ್ತಿದ್ದೇನೆ ಎನ್ನುತ್ತಾ ಒಂದೂವರೆ ನಿಮಿಷ ಹಾಗೇ ನಿಂತಿರುತ್ತವೆ. ಹಳೆಯ ಒಂದು ಸರ್ವರ್ ಕುಸಿದು ಮತ್ತೆ ಎದ್ದಾಗ ಹಿಂದಿನ ಲಾಗ್‌ಗಳೇ ಇರಲಿಲ್ಲ. ಫೈಲ್ ಕುಗ್ಗಿಸುವ ಎಕ್ಸ್‌ಜ಼ೆಡ್ ತಂತ್ರಾಂಶದಲ್ಲಿ 2024ರಲ್ಲಿ ಸಿಕ್ಕ ರಹಸ್ಯ ಹಿಂಬಾಗಿಲಿಗೂ ಸಿಸ್ಟಮ್‌ಡಿಯೇ ಕಾರಣ ಎಂದು ಅವರು ಹೇಳುತ್ತಾರೆ. ಇದರಲ್ಲಿ ನಿಜವೆಷ್ಟು, ಕಟ್ಟುಕಥೆಯೆಷ್ಟು? ನಾವು ಬದಲಾಯಿಸಬೇಕೆ?

ಉತ್ತರ: ನಿಮ್ಮ ಆತಂಕ ಎರಡು ಕವಲಾಗಿದೆ. ನೀವು ನಂಬಿ ಬಳಸುತ್ತಿರುವ ತಂತ್ರಾಂಶವೇ ಕೆಟ್ಟದ್ದಿರಬಹುದೇ ಎಂಬುದು ಒಂದು. ಅನುಭವಿಯೊಬ್ಬರು ಇಷ್ಟು ಕೋಪದಿಂದ ಹೇಳುವಾಗ ಅವರ ಮಾತನ್ನು ತಳ್ಳಿಹಾಕಿದರೆ ನಾಳೆ ಪಶ್ಚಾತ್ತಾಪ ಪಡಬೇಕಾದೀತೇ ಎಂಬುದು ಇನ್ನೊಂದು. ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಹುರುಳಿದೆ. ಆದರೆ ಮೂರು ಬೇರೆ ಬೇರೆ ದೂರುಗಳನ್ನು ಒಂದೇ ಸಿಟ್ಟಿನಲ್ಲಿ ಕಲಸಿಬಿಟ್ಟಿದ್ದಾರೆ. ವಿಚಿತ್ರವೆಂದರೆ, ಆ ದೂರುಗಳನ್ನು ಬಿಡಿಸಿಕೊಳ್ಳಲು ಅವರು ಆರಿಸಿಕೊಂಡ ರಾಕ್ಷಸರೇ ನೆರವಾಗುತ್ತಾರೆ. ಹೈಡ್ರಾ ಎಂದವನಿಗೆ ಬೆಳವಣಿಗೆಯ ಭಯ. ಕ್ತುಲ್ಹು ಎಂದವನಿಗೆ ಒಳಗೇನು ನಡೆಯುತ್ತಿದೆ ಎಂದು ತಿಳಿಯದಿರುವ ಭಯ. ಫ್ರಾಂಕೆನ್‌ಸ್ಟೈನ್ ಎಂದವನ ಸಿಟ್ಟು ಮಾಡಿದವರ ಮೇಲೆ. ಮೂರಕ್ಕೂ ಪರಿಹಾರ ಬೇರೆ ಬೇರೆ.

ಮೊದಲಿಗೆ, ಇದು ಏಕೆ ಹುಟ್ಟಿತು ಎಂಬುದು. ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್ ಎದ್ದ ಮೇಲೆ ಬಳಕೆದಾರರ ಕಡೆ ಶುರುಮಾಡುವ ಮೊದಲ ಪ್ರಕ್ರಿಯೆ ಒಂದೇ. ಅದರ ಸಂಖ್ಯೆ 1, ಅದನ್ನು ಇನಿಟ್ ಎನ್ನುತ್ತಾರೆ. ಉಳಿದ ಸೇವೆಗಳನ್ನೆಲ್ಲ ಅದೇ ಎಬ್ಬಿಸಬೇಕು. ಅದು ಸತ್ತರೆ ಕರ್ನಲ್ ಕೈಚೆಲ್ಲುತ್ತದೆ. ಹಳೆಯ ಸಿಸ್‌ವಿ ಪದ್ಧತಿಯಲ್ಲಿ ಈ ಕೆಲಸವನ್ನು ಶೆಲ್ ಸ್ಕ್ರಿಪ್ಟ್‌ಗಳ ಸಾಲು ಮಾಡುತ್ತಿತ್ತು. ಸ್ಕ್ರಿಪ್ಟ್ ಒಂದು ಸೇವೆಯನ್ನು ಶುರುಮಾಡುತ್ತದೆ, ಆ ಸೇವೆ ಎರಡು ಸಲ ಕವಲೊಡೆದು ಹಿನ್ನೆಲೆಗೆ ಸರಿಯುತ್ತದೆ, ತನ್ನ ಸಂಖ್ಯೆಯನ್ನು ಒಂದು ಫೈಲ್‌ನಲ್ಲಿ ಬರೆದಿಟ್ಟು ಹೋಗುತ್ತದೆ. ನಿಲ್ಲಿಸಬೇಕಾದರೆ ಆ ಫೈಲ್ ಓದಬೇಕು. ಸೇವೆ ಈಗಾಗಲೇ ಸತ್ತು, ಅದೇ ಸಂಖ್ಯೆ ಬೇರೊಂದು ಪ್ರಕ್ರಿಯೆಗೆ ಸಿಕ್ಕಿದ್ದರೆ ಏಟು ಬೀಳುವುದು ನಿರಪರಾಧಿಗೆ. ಹಳೆಯ ಕಾಲ ಸರಳವಾಗಿತ್ತು ಎನ್ನುವವರು ಈ ಭಾಗವನ್ನು ಮರೆತಿರುತ್ತಾರೆ.

ಇದರಿಂದ ಬೇಸತ್ತವರು ಒಬ್ಬರಿಬ್ಬರಲ್ಲ. 2005ರಲ್ಲಿ ಸೊಲಾರಿಸ್ 10 ತನ್ನದೇ ಸೇವಾ ವ್ಯವಸ್ಥೆಯನ್ನು ತಂದಿತು, ಅದೇ ವರ್ಷ ಆಪಲ್ ಲಾಂಚ್‌ಡಿ ತಂದಿತು, 2006ರಲ್ಲಿ ಉಬುಂಟುವಿಗೆ ಅಪ್‌ಸ್ಟಾರ್ಟ್ ಬಂತು. 2008ರ ಆರಂಭದಲ್ಲಿ ಲಿನಕ್ಸ್ 2.6.24ರೊಂದಿಗೆ ಸಿಗ್ರೂಪ್ ಎಂಬ ಸೌಲಭ್ಯ ಸೇರಿತು. ಒಂದು ಸೇವೆ ಎಷ್ಟು ಕವಲೊಡೆದರೂ ಅದರ ಇಡೀ ಸಂತಾನವನ್ನು ಒಂದೇ ಗುಂಪಾಗಿ ಹಿಡಿದಿಡಲು ಕರ್ನಲ್‌ಗೆ ಅದರಿಂದ ಸಾಧ್ಯವಾಯಿತು. 2010ರ ಏಪ್ರಿಲ್‌ನಲ್ಲಿ ಲೆನಾರ್ಟ್ ಪೊಟ್ಟರಿಂಗ್ ಪ್ರಕಟಿಸಿದ ಸಿಸ್ಟಮ್‌ಡಿ ಈ ಸೌಲಭ್ಯವನ್ನು ಬುಡಕ್ಕಿಟ್ಟುಕೊಂಡು ಕಟ್ಟಿದ್ದು. 2011ರಲ್ಲಿ ಫೆಡೋರಾ 15, 2014ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7, 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04 ಅದನ್ನು ಮೂಲ ಆಯ್ಕೆಯಾಗಿ ಒಪ್ಪಿದವು. ಡೆಬಿಯನ್‌ನಲ್ಲಿ ಅದು ಸುಲಭವಾಗಿ ಆಗಲಿಲ್ಲ: 2014ರ ಫೆಬ್ರವರಿಯಲ್ಲಿ ತಾಂತ್ರಿಕ ಸಮಿತಿಯ ಮತಗಳು ಸಮವಾಗಿ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ತೀರ್ಮಾನವಾಯಿತು. ಸೋತ ಪಕ್ಷದ ಅಸಮಾಧಾನದಿಂದ ಆ ವರ್ಷದ ಕೊನೆಗೆ ಡೆವುವಾನ್ ಕವಲೊಡೆಯಿತು. ನಿಮ್ಮ ಸಹೋದ್ಯೋಗಿಯ ಸಿಟ್ಟಿಗೆ ಇಷ್ಟು ವರ್ಷಗಳ ಹಿನ್ನೆಲೆಯಿದೆ.

ಈಗ ಹೈಡ್ರಾ. ಗ್ರೀಕ್ ಪುರಾಣದಲ್ಲಿ ಹೆರಾಕ್ಲೀಸ್ ಒಂದು ತಲೆ ಕಡಿದರೆ ಎರಡು ಹುಟ್ಟುತ್ತಿದ್ದವು. ನಮ್ಮ ರಕ್ತಬೀಜಾಸುರನ ದೂರದ ಸಂಬಂಧಿ ಎನ್ನಬಹುದು. ಸಿಸ್ಟಮ್‌ಡಿಗೆ ಈ ಹೆಸರು ಅಂಟಿದ್ದು ಸುಮ್ಮನೆ ಅಲ್ಲ. ಸೇವೆ ಶುರುಮಾಡುವ ಕೆಲಸಕ್ಕೆ ಬಂದದ್ದು 2012ರಲ್ಲಿ ಹಾರ್ಡ್‌ವೇರ್ ಗುರುತಿಸುವ ಯುಡೆವ್ ಅನ್ನು ಒಳಗೆ ಸೇರಿಸಿಕೊಂಡಿತು. ಲಾಗ್, ಲಾಗಿನ್, ನೆಟ್‌ವರ್ಕ್, ಡಿಎನ್‌ಎಸ್, ಗಡಿಯಾರದ ಹೊಂದಾಣಿಕೆ, ಬೂಟ್‌ಲೋಡರ್ ಬಂದವು. 2020ರಲ್ಲಿ ಹೋಮ್ ಡೈರೆಕ್ಟರಿಗಳ ನಿರ್ವಹಣೆ, 2024ರಲ್ಲಿ ಮೇಲಧಿಕಾರದಿಂದ ಆದೇಶ ಓಡಿಸುವ ಸುಡೋಗೆ ಬದಲಿಯಾಗಿ ರನ್‌0 ಬಂತು. ಇಷ್ಟು ಹರಡಿಕೊಂಡಿರುವುದನ್ನು ಕಂಡು ಸಂಶಯಪಡುವುದು ಮೂರ್ಖತನವೇನಲ್ಲ.

ಆದರೆ ಇದೆಲ್ಲ ಪ್ರಕ್ರಿಯೆ 1ರ ಒಳಗೇ ತುಂಬಿದೆ ಎಂಬುದು ತಪ್ಪು. ಇವು ಹೆಚ್ಚಾಗಿ ಬೇರೆ ಬೇರೆ ಪ್ರೋಗ್ರಾಂಗಳು. ನಿಮ್ಮ ಡೆಬಿಯನ್ ಸರ್ವರ್‌ನಲ್ಲಿ ಅವುಗಳಲ್ಲಿ ಹಲವು ಓಡುತ್ತಲೇ ಇಲ್ಲ. ನೆಟ್‌ವರ್ಕ್ ಭಾಗವಾದ ನೆಟ್‌ವರ್ಕ್‌ಡಿ ಡಿಸ್ಕ್‌ನಲ್ಲಿ ಇದ್ದರೂ ನೀವು ಹೇಳದ ಹೊರತು ಏಳುವುದಿಲ್ಲ. ಡೆಬಿಯನ್ 12ರಲ್ಲಿ ಡಿಎನ್‌ಎಸ್‌ನ ರಿಸಾಲ್ವ್‌ಡಿ ಪ್ರತ್ಯೇಕ ಪ್ಯಾಕೇಜ್. ಇದಕ್ಕೆ ಸಿಸ್ಟಮ್‌ಡಿ ಪರದವರು ಕೊಡುವ ಉತ್ತರ, ‘ಎಲ್ಲವೂ ಬಿಡಿಭಾಗಗಳು, ಬೇಡವಾದರೆ ಬಿಡಿ’ ಎಂಬುದು, ಅರ್ಧ ಸತ್ಯ. ಬಿಡಿಬಿಡಿಯಾಗಿ ಓಡುವುದು ಒಂದು ವಿಷಯ, ಬಿಡಿಬಿಡಿಯಾಗಿ ಬದಲಾಯಿಸಲು ಬರುವುದು ಇನ್ನೊಂದು. ಈ ಪ್ರೋಗ್ರಾಂಗಳು ಒಂದೇ ಕಡೆ ಬರೆಯಲ್ಪಟ್ಟು ಒಟ್ಟಿಗೇ ಬಿಡುಗಡೆಯಾಗುತ್ತವೆ, ಅವುಗಳ ನಡುವಿನ ಒಳಮಾತುಕತೆ ಬದಲಾಗುತ್ತಿರುತ್ತದೆ. ಅದರ ಲಾಗಿನ್ ಭಾಗ ಮಾತ್ರ ಬೇಕು, ಉಳಿದದ್ದು ಬೇಡ ಎಂದವರು ಅದನ್ನು ಎಲಾಗಿಂಡ್ ಎಂದು ಪ್ರತ್ಯೇಕವಾಗಿ ಕತ್ತರಿಸಿ ತೆಗೆದು, ಪ್ರತಿ ಬಿಡುಗಡೆಯ ಬೆನ್ನಿಗೂ ಓಡಬೇಕಾಗಿದೆ. ಡೆಸ್ಕ್‌ಟಾಪ್‌ಗಳಲ್ಲಿ ಈ ಬಿಗಿತ ಹೆಚ್ಚು ನೋಯಿಸುತ್ತದೆ. ಸರ್ವರ್‌ಗಳಲ್ಲಿ ಅಷ್ಟಿಲ್ಲ.

ಹೈಡ್ರಾ ಕಥೆಯಲ್ಲಿ ಜನ ಮರೆಯುವ ಪಾತ್ರವೊಂದಿದೆ: ಹೆರಾಕ್ಲೀಸ್‌ನ ಸೋದರನ ಮಗ ಅಯೊಲಾಸ್. ಹೆರಾಕ್ಲೀಸ್ ತಲೆ ಕಡಿದಂತೆ ಇವನು ಕೊಳ್ಳಿಯಿಂದ ಕತ್ತನ್ನು ಸುಟ್ಟ. ಮತ್ತೆ ತಲೆ ಹುಟ್ಟಲಿಲ್ಲ. ಸೇವೆಗಳನ್ನು ನಿಯಂತ್ರಿಸುವ ಸಿಸ್ಟಮ್‌ಸಿಟಿಎಲ್ ಆದೇಶದಲ್ಲಿ ‘ಡಿಸೇಬಲ್’ ಮತ್ತು ‘ಮಾಸ್ಕ್’ ನಡುವಿನ ವ್ಯತ್ಯಾಸ ಇದೇ. ಡಿಸೇಬಲ್ ಮಾಡಿದ ಸೇವೆ ಬೂಟ್‌ನಲ್ಲಿ ತಾನಾಗಿ ಏಳುವುದಿಲ್ಲ, ಆದರೆ ಬೇರೊಂದು ಸೇವೆ ಕರೆದರೆ ಎದ್ದು ಬರುತ್ತದೆ. ಮಾಸ್ಕ್ ಮಾಡಿದ್ದನ್ನು ಯಾರು ಕರೆದರೂ ಏಳುವುದಿಲ್ಲ. ಅದರ ಹೆಸರನ್ನು ಶೂನ್ಯ ಸಾಧನಕ್ಕೆ ಜೋಡಿಸಿಬಿಟ್ಟಿರುತ್ತದೆ. ‘ನಾನು ನಿಲ್ಲಿಸಿದ್ದೆ, ಮತ್ತೆ ಬಂದಿದೆ’ ಎಂದು ನನ್ನ ಬಳಿ ಬಂದ ದೂರುಗಳಲ್ಲಿ ಬಹುಪಾಲು ಇಷ್ಟಕ್ಕೇ ಮುಗಿದಿವೆ. ನಿಮ್ಮ ಸರ್ವರ್‌ಗಳಲ್ಲಿ ಈಗ ಓಡುತ್ತಿರುವ ಸೇವೆಗಳ ಪಟ್ಟಿ ತೆಗೆಯಿರಿ, ಬೇಡದ್ದನ್ನು ಮಾಸ್ಕ್ ಮಾಡಿ. ಲಾಗಿನ್ ಮತ್ತು ಯುಡೆವ್ ಭಾಗಗಳನ್ನು ಮಾತ್ರ ಆವೇಶದಲ್ಲಿ ಮುಟ್ಟಬೇಡಿ.

ಎಕ್ಸ್‌ಜ಼ೆಡ್ ಪ್ರಕರಣ ಈ ಹೈಡ್ರಾ ದೂರಿಗೇ ಸೇರುತ್ತದೆ. ಇದರಲ್ಲಿ ನಿಮ್ಮ ಸಹೋದ್ಯೋಗಿ ಅರ್ಧದಷ್ಟು ಸರಿ. ಹಿಂಬಾಗಿಲು ಇದ್ದದ್ದು ಎಕ್ಸ್‌ಜ಼ೆಡ್‌ನ 5.6.0 ಮತ್ತು 5.6.1 ಆವೃತ್ತಿಗಳ ಸಂಕೋಚನ ಲೈಬ್ರರಿಯಲ್ಲಿ. ಅದನ್ನು ನುಗ್ಗಿಸಿದವರು ವರ್ಷಗಳ ಕಾಲ ಸದ್ದಿಲ್ಲದೆ ಕೆಲಸ ಮಾಡಿ, ದಣಿದಿದ್ದ ಒಬ್ಬ ನಿರ್ವಾಹಕರ ವಿಶ್ವಾಸ ಗಳಿಸಿದ್ದರು. ಆ ದ್ರೋಹಕ್ಕೂ ಸಿಸ್ಟಮ್‌ಡಿಗೂ ಸಂಬಂಧವಿಲ್ಲ. ಆದರೆ ಆ ಲೈಬ್ರರಿ, ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸರ್ವರ್‌ನೊಳಗೆ ಹೇಗೆ ಬಂತು? ಮೂಲ ಓಪನ್‌ಎಸ್‌ಎಸ್‌ಎಚ್‌ಗೆ ಅದರ ಅಗತ್ಯವೇ ಇರಲಿಲ್ಲ. ‘ನಾನು ಸಿದ್ಧ’ ಎಂದು ಸಿಸ್ಟಮ್‌ಡಿಗೆ ತಿಳಿಸುವ ಒಂದು ಸಣ್ಣ ಸಂದೇಶಕ್ಕಾಗಿ ಡೆಬಿಯನ್, ಫೆಡೋರಾದಂಥವು ಅದಕ್ಕೆ ಲಿಬ್‌ಸಿಸ್ಟಮ್‌ಡಿಯನ್ನು ಜೋಡಿಸಿದ್ದವು. ಲಿಬ್‌ಸಿಸ್ಟಮ್‌ಡಿ ತನ್ನ ಲಾಗ್‌ಗಳನ್ನು ಕುಗ್ಗಿಸಲು ಎಕ್ಸ್‌ಜ಼ೆಡ್‌ನ ಲೈಬ್ರರಿಯನ್ನು ಎಳೆದು ತರುತ್ತಿತ್ತು. ಹಿಂಬಾಗಿಲು ಈ ದಾರಿಯನ್ನೇ ನಂಬಿತ್ತು. ಡೆಬಿಯನ್‌ನ ಅಸ್ಥಿರ ಶಾಖೆಯಲ್ಲಿ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಕೆದಕಿದ ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ 2024ರ ಮಾರ್ಚ್ 29ರಂದು ಅದನ್ನು ಬಯಲು ಮಾಡಿದರು. ಡೆಬಿಯನ್‌ನ ಸ್ಥಿರ ಆವೃತ್ತಿಗಳಿಗೆ ಅದು ತಲುಪಿರಲಿಲ್ಲ. ಹಾಗಾಗಿ ನಿಮ್ಮವು ಸುರಕ್ಷಿತ. ಆಮೇಲೆ ಎರಡೂ ಕಡೆ ಸರಿಪಡಿಸಿಕೊಂಡರು: ಸಿಸ್ಟಮ್‌ಡಿ 256 ಸಂಕೋಚನ ಲೈಬ್ರರಿಗಳನ್ನು ಬೇಕಾದಾಗ ಮಾತ್ರ ತೆರೆಯುತ್ತದೆ, ಓಪನ್‌ಎಸ್‌ಎಸ್‌ಎಚ್ 9.8 ಆ ಸಂದೇಶವನ್ನು ಯಾರ ಲೈಬ್ರರಿಯೂ ಇಲ್ಲದೆ ತಾನೇ ಕಳುಹಿಸುತ್ತದೆ. ಕೆಲವೇ ಸಾಲುಗಳ ಕೋಡ್‌ನಲ್ಲಿ ಆಗಬಹುದಾಗಿದ್ದ ಕೆಲಸಕ್ಕೆ ಇಡೀ ಲೈಬ್ರರಿಯನ್ನು ಹೊತ್ತು ತಂದ ಅಭ್ಯಾಸ ತಪ್ಪು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಕ್ತುಲ್ಹು ವಿಷಯಕ್ಕೆ ಬರೋಣ. 1928ರಲ್ಲಿ ಅಚ್ಚಾದ ಲವ್‌ಕ್ರಾಫ್ಟ್‌ನ ಕಥೆಯಿಂದ ಬಂದ ಈ ಜೀವಿಯ ಭೀಕರತೆ ಅದರ ಬಾಹುಗಳಲ್ಲಿಲ್ಲ. ಅದನ್ನು ಅರಿಯಲು ಹೊರಟವರ ತಲೆ ಕೆಡುತ್ತದೆ ಎಂಬುದರಲ್ಲಿದೆ. ನಿಮ್ಮ ಕಳೆದುಹೋದ ಲಾಗ್‌ಗಳು ಇಲ್ಲಿಗೆ ಸೇರುತ್ತವೆ. ಸಿಸ್ಟಮ್‌ಡಿಯ ಲಾಗ್ ಭಾಗವಾದ ಜರ್ನಲ್‌ಡಿ ಲಾಗ್‌ಗಳನ್ನು ಬೈನರಿ ರೂಪದಲ್ಲಿ ಇಡುತ್ತದೆ, ಓದಲು ಜರ್ನಲ್‌ಸಿಟಿಎಲ್ ಎಂಬ ಆದೇಶ ಬೇಕು. ಯಾವುದೇ ಸಾಧನದಿಂದ ತೆರೆದು ಓದಬಹುದಾದ ಪಠ್ಯಕ್ಕೆ ಒಗ್ಗಿಕೊಂಡವರಿಗೆ ಇದು ಕಿರಿಕಿರಿ. ಡಿಸ್ಕ್ ಕೆಟ್ಟು ಫೈಲ್ ಅರ್ಧ ಹಾಳಾದಾಗ ಕಿರಿಕಿರಿಗಿಂತ ಹೆಚ್ಚು. ಆ ದೂರನ್ನು ನಾನು ಒಪ್ಪುತ್ತೇನೆ. ಆದರೆ ನಿಮ್ಮ ಲಾಗ್ ಕಳೆದದ್ದು ಬೈನರಿ ಎಂಬ ಕಾರಣಕ್ಕಲ್ಲ.

ಜರ್ನಲ್‌ಗೆಂದು ಡಿಸ್ಕ್‌ನಲ್ಲಿ ಮೀಸಲಾದ ಡೈರೆಕ್ಟರಿ ಇದ್ದರೆ ಅದು ಅಲ್ಲಿ ಬರೆಯುತ್ತದೆ, ಇಲ್ಲದಿದ್ದರೆ ಮೆಮೊರಿಯಲ್ಲಿ ಮಾತ್ರ ಇಟ್ಟುಕೊಳ್ಳುತ್ತದೆ. ಡೆಬಿಯನ್ 10ರಲ್ಲಿ ಆ ಡೈರೆಕ್ಟರಿ ತಾನಾಗಿ ಇರುತ್ತಿರಲಿಲ್ಲ; 11ರಿಂದ ಇದೆ. ಹಾಗಾಗಿ ಹಳೆಯ ಸರ್ವರ್ ರೀಬೂಟ್ ಆದಾಗ ಜರ್ನಲ್ ಆವಿಯಾಯಿತು. ಆದರೆ ತಾಳಿ: ಡೆಬಿಯನ್ 10ರಲ್ಲಿ ಲಾಗ್ ಬರೆಯುವ ಬೇರೊಂದು ಪ್ರೋಗ್ರಾಂ ಆರ್‌ಸಿಸ್‌ಲಾಗ್ ಮೂಲದಲ್ಲೇ ಇತ್ತು, ಅದು ಎಲ್ಲವನ್ನೂ ಪಠ್ಯವಾಗಿಯೂ ಬರೆಯುತ್ತಿತ್ತು. ನೀವು ಜರ್ನಲ್‌ಸಿಟಿಎಲ್‌ನಲ್ಲಿ ಮಾತ್ರ ಹುಡುಕಿದ್ದೀರಿ ಎಂಬುದು ನನ್ನ ಊಹೆ. ಲಾಗ್ ಡೈರೆಕ್ಟರಿಯಲ್ಲಿ ಸಿಸ್‌ಲಾಗ್ ಎಂಬ ಫೈಲ್ ಇದೆಯೇ ನೋಡಿ. ಇಲ್ಲದಿದ್ದರೆ ಯಾರೋ ಆರ್‌ಸಿಸ್‌ಲಾಗ್ ತೆಗೆದಿದ್ದಾರೆ ಎಂದರ್ಥ. ಡೆಬಿಯನ್ 12ರಲ್ಲಿ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲ. ಪಠ್ಯ ಬೇಕೆಂದರೆ ಹಾಕಿಕೊಳ್ಳಿ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಡಿಸ್ಕ್‌ನಲ್ಲಿ ಇಡುತ್ತಿದ್ದರೂ ಜರ್ನಲ್‌ಡಿ ಸಾಮಾನ್ಯ ಸಂದೇಶಗಳನ್ನು 5 ನಿಮಿಷಕ್ಕೊಮ್ಮೆ ಮಾತ್ರ ಡಿಸ್ಕ್‌ಗೆ ಖಚಿತವಾಗಿ ಇಳಿಸುತ್ತದೆ. ಅತಿ ತೀವ್ರ ಮಟ್ಟದವನ್ನು ಮಾತ್ರ ತಕ್ಷಣ. ದಿಢೀರ್ ವಿದ್ಯುತ್ ಹೋದರೆ ನಿಮಗೆ ಅತ್ಯಗತ್ಯವಾದ ಕೊನೆಯ ನಿಮಿಷಗಳೇ ಹೋಗಬಹುದು. ಆ ಅಂತರವನ್ನು ಸಂರಚನೆಯಲ್ಲಿ ಕಡಿಮೆ ಮಾಡಬಹುದು. ಅದಕ್ಕಿಂತ ಉತ್ತಮ ಮಾರ್ಗ ಲಾಗ್‌ಗಳನ್ನು ಬೇರೊಂದು ಯಂತ್ರಕ್ಕೂ ಕಳುಹಿಸುವುದು. ಕುಸಿದ ಸರ್ವರ್‌ನ ಸಾಕ್ಷ್ಯ ಅದೇ ಸರ್ವರ್‌ನಲ್ಲಿ ಇರಬಾರದು. ಇದು ಯಾವ ವ್ಯವಸ್ಥೆಗೂ ಅನ್ವಯಿಸುತ್ತದೆ.

ರೀಬೂಟ್‌ನ ಒಂದೂವರೆ ನಿಮಿಷಕ್ಕೆ ಕಾರಣ ಇನ್ನೂ ಸರಳ. ಸೇವೆಯನ್ನು ನಿಲ್ಲಿಸುವಾಗ ಸಿಸ್ಟಮ್‌ಡಿ ಅದರ ಇಡೀ ಗುಂಪಿಗೆ ‘ಮುಗಿಸು’ ಎಂಬ ಸಂಕೇತ ಕಳುಹಿಸಿ, ಬೇರೆ ಹೇಳದಿದ್ದರೆ 90 ಸೆಕೆಂಡ್ ಕಾಯುತ್ತದೆ. ಮುಗಿಯದಿದ್ದರೆ ಕೊಲ್ಲುತ್ತದೆ. ಹಳೆಯ ಸ್ಕ್ರಿಪ್ಟ್‌ಗಳು ಕೊನೆಗೆ ಉಳಿದವರಿಗೆ ಕೆಲವೇ ಸೆಕೆಂಡ್ ಕೊಟ್ಟು ಮುಗಿಸಿಬಿಡುತ್ತಿದ್ದವು. ಆಗಲೂ ಆ ಸೇವೆ ಹಟ ಮಾಡುತ್ತಿತ್ತು, ನಿಮಗೆ ಕಾಣುತ್ತಿರಲಿಲ್ಲ ಅಷ್ಟೆ. ಪರದೆಯ ಮೇಲೆ ಆ ಸೇವೆಯ ಹೆಸರು ಬರುತ್ತದೆ, ಬರೆದುಕೊಳ್ಳಿ. ನಾನು ಹೆಚ್ಚಾಗಿ ಕಂಡ ಕಾರಣ ಕ್ರಮದ್ದು. ಸಿಸ್ಟಮ್‌ಡಿ ಸೇವೆಗಳನ್ನು ಶುರುಮಾಡಿದ್ದಕ್ಕೆ ವಿರುದ್ಧ ಕ್ರಮದಲ್ಲಿ ನಿಲ್ಲಿಸುತ್ತದೆ. ನೀವೇ ಬರೆದ ಸೇವಾ ಫೈಲ್‌ನಲ್ಲಿ ‘ನೆಟ್‌ವರ್ಕ್ ಆದ ಮೇಲೆ’ ಎಂಬ ಸಾಲು ಬಿಟ್ಟುಹೋಗಿದ್ದರೆ, ನಿಲ್ಲುವಾಗ ನೆಟ್‌ವರ್ಕ್ ಮೊದಲು ಹೋಗಬಹುದು. ಆಗ ನಿಮ್ಮ ಸೇವೆ ದೂರದ ಡೇಟಾಬೇಸನ್ನೋ ನೆಟ್‌ವರ್ಕ್ ಡಿಸ್ಕನ್ನೋ ಕರೆಯುತ್ತಾ ಕೂರುತ್ತದೆ. ಆ ಒಂದು ಸಾಲು ಸೇರಿಸಿದರೆ ಎಷ್ಟೋ ಸಲ ತೊಂದರೆಯೇ ಮಾಯವಾಗುತ್ತದೆ. ಕಾಯುವ ಸಮಯವನ್ನು ಎಲ್ಲ ಸೇವೆಗಳಿಗೂ ಒಮ್ಮೆಲೇ 10 ಸೆಕೆಂಡಿಗೆ ಇಳಿಸಿ ಎಂಬ ಸಲಹೆ ನಿಮಗೆ ಸಿಕ್ಕೇ ಸಿಗುತ್ತದೆ. ದಯವಿಟ್ಟು ಅದನ್ನು ಕೇಳಬೇಡಿ. ಮೆಮೊರಿಯಲ್ಲಿರುವುದನ್ನು ಡಿಸ್ಕ್‌ಗೆ ಇಳಿಸುತ್ತಿರುವ ಡೇಟಾಬೇಸ್ ಆ ಹತ್ತನೇ ಸೆಕೆಂಡಿಗೆ ಕೊಲೆಯಾದರೆ ಮುಂದಿನ ಸಲ ಏಳುವಾಗ ದೀರ್ಘ ದುರಸ್ತಿ ಕಾದಿರುತ್ತದೆ. ಅಂಥ ಸೇವೆಗೆ ಸಮಯ ಹೆಚ್ಚಿಸಬೇಕು, ಹಟಮಾರಿ ಸೇವೆ ಒಂದಕ್ಕೆ ಮಾತ್ರ ಇಳಿಸಬೇಕು.

ಫ್ರಾಂಕೆನ್‌ಸ್ಟೈನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1818ರ ಆ ಕಾದಂಬರಿಯಲ್ಲಿ ಅದು ಸೃಷ್ಟಿಕರ್ತನ ಹೆಸರು. ಪಾಪ, ಪ್ರಾಣಿಗೆ ಹೆಸರೇ ಇಲ್ಲ. ಈ ಜಗಳದಲ್ಲೂ ತಂತ್ರಾಂಶಕ್ಕೆ ಬೀಳಬೇಕಾದ ಟೀಕೆ ಎಷ್ಟೋ ಸಲ ವ್ಯಕ್ತಿನಿಂದನೆಯಾಗಿ ಇಳಿದಿದೆ, ಅದಕ್ಕೆ ಸಮರ್ಥನೆಯಿಲ್ಲ. ಆದರೆ ಸಿಟ್ಟಿಗೆ ಆಧಾರವೂ ಇದೆ. 2016ರಲ್ಲಿ 230ನೇ ಆವೃತ್ತಿ, ಬಳಕೆದಾರ ಲಾಗ್‌ಔಟ್ ಆದೊಡನೆ ಅವನ ಹಿನ್ನೆಲೆ ಕೆಲಸಗಳನ್ನೆಲ್ಲ ಕೊಲ್ಲುವುದನ್ನು ಮೂಲ ನಡವಳಿಕೆ ಮಾಡಿತು. ರಾತ್ರಿಯಿಡೀ ಓಡಲೆಂದು ಬಿಟ್ಟು ಹೋದ ಕೆಲಸಗಳು ಸತ್ತವು. ಡೆಬಿಯನ್ ಅದನ್ನು ತನ್ನಲ್ಲಿ ಹಿಂದಕ್ಕೆ ತಿರುಗಿಸಿತು. 2017ರಲ್ಲಿ ಸೇವಾ ಫೈಲ್‌ನಲ್ಲಿ ಅಂಕಿಯಿಂದ ಶುರುವಾಗುವ ಬಳಕೆದಾರ ಹೆಸರು ಬರೆದರೆ ಆ ಸಾಲನ್ನೇ ಕಡೆಗಣಿಸಿ ಸೇವೆಯನ್ನು ರೂಟ್ ಎಂಬ ಪೂರ್ಣ ಅಧಿಕಾರದಲ್ಲಿ ಓಡಿಸುತ್ತಿದ್ದುದು ಬಯಲಾದಾಗ, ‘ಇದು ದೋಷವಲ್ಲ’ ಎಂಬುದು ಮೊದಲ ಉತ್ತರವಾಗಿತ್ತು. 2024ರಲ್ಲಿ ತಾತ್ಕಾಲಿಕ ಫೈಲ್‌ಗಳನ್ನು ಶುಚಿಗೊಳಿಸುವಂತೆ ಕಾಣುವ ಹೊಸ ಆದೇಶವೊಂದು ಹೋಮ್ ಡೈರೆಕ್ಟರಿಯನ್ನೇ ಅಳಿಸಬಲ್ಲದು ಎಂದು ತಿಳಿದ ಮೇಲೆ 256.1ರಲ್ಲಿ ಅದಕ್ಕೆ ಕಡಿವಾಣ ಬಿತ್ತು. ಇವುಗಳಿಂದ ನಿಮಗೆ ಸಿಗುವ ಎಚ್ಚರಿಕೆ ಒಂದೇ: ಸಿಸ್ಟಮ್‌ಡಿಯ ಹೊಚ್ಚ ಹೊಸ ಆವೃತ್ತಿಯ ಹಿಂದೆ ಓಡಬೇಡಿ. ಡೆಬಿಯನ್ ಸ್ಥಿರ ಆವೃತ್ತಿಯಲ್ಲಿದ್ದರೆ ಆ ಕಾಯುವಿಕೆ ತಾನಾಗಿ ಆಗುತ್ತದೆ.

ಹಾಗಾದರೆ ಬದಲಾಯಿಸಬೇಕೆ? ನೀವು ಹೇಳಿದ ಎರಡು ತೊಂದರೆಗಳ ಆಧಾರದ ಮೇಲೆ, ಬೇಡ. ಎರಡಕ್ಕೂ ಪರಿಹಾರ ಸಂರಚನೆಯ ಕೆಲವು ಸಾಲುಗಳಲ್ಲಿದೆ. ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಕಾಡಿದ್ದು ಡೆಬಿಯನ್ 10. ಅದರ ದೀರ್ಘಾವಧಿ ಬೆಂಬಲ 2024ರ ಜೂನ್‌ನಲ್ಲೇ ಮುಗಿದಿದೆ. ಹಣ ಕೊಟ್ಟು ವಿಸ್ತರಿತ ಬೆಂಬಲ ಪಡೆಯದಿದ್ದರೆ ಆ ಯಂತ್ರಗಳಿಗೆ ಭದ್ರತಾ ತೇಪೆಗಳು ಬರುತ್ತಿಲ್ಲ. ಸಿಸ್ಟಮ್‌ಡಿಯಲ್ಲೇ 2021ರಲ್ಲಿ ಒಂದು ದೋಷ ಬಯಲಾಗಿತ್ತು. ಸಾಮಾನ್ಯ ಬಳಕೆದಾರನೊಬ್ಬ ಪ್ರಕ್ರಿಯೆ 1 ಅನ್ನು ಬೀಳಿಸಿ ಇಡೀ ಯಂತ್ರವನ್ನೇ ಕೆಡವಬಹುದಾಗಿತ್ತು. ಅಂಥವು ಮತ್ತೆ ಬಂದಾಗ ತೇಪೆಯಿಲ್ಲದ ಯಂತ್ರ ಯಾವ ಇನಿಟ್ ಹೊಂದಿದ್ದರೂ ಅಪಾಯದಲ್ಲೇ ಇರುತ್ತದೆ.

ಆದರೂ ಹೋಗಬೇಕೆಂದರೆ ಡೆವುವಾನ್ ಹತ್ತಿರದ ದಾರಿ. ಅದರ ಬಹುಪಾಲು ಪ್ಯಾಕೇಜ್‌ಗಳು ಡೆಬಿಯನ್‌ನವೇ ಆದ್ದರಿಂದ ಭದ್ರತಾ ತೇಪೆಗಳೂ ಅಲ್ಲಿಂದಲೇ ಹರಿದು ಬರುತ್ತವೆ. ಅಪಾಯ ಬೇರೆಡೆ ಇದೆ. 2019ರ ಕೊನೆಯ ಮತದಾನದಲ್ಲಿ ಡೆಬಿಯನ್ ಸಿಸ್ಟಮ್‌ಡಿಗೆ ಆದ್ಯತೆ ಎಂದು ತೀರ್ಮಾನಿಸಿದ ಮೇಲೆ, ಪ್ಯಾಕೇಜ್‌ಗಳು ಹಳೆಯ ಮಾದರಿಯ ಸ್ಕ್ರಿಪ್ಟ್‌ಗಳನ್ನು ಒಂದೊಂದಾಗಿ ಕೈಬಿಡುತ್ತಿವೆ. ಅನಾಥವಾದ ಆ ಸ್ಕ್ರಿಪ್ಟ್‌ಗಳನ್ನು ಒಂದೆಡೆ ಸಾಕುವ ಪ್ಯಾಕೇಜ್ ಇದೆಯಾದರೂ, ನಿಮಗೆ ಬೇಕಾದ ಸೇವೆಗೆ ಸ್ಕ್ರಿಪ್ಟ್ ಇಲ್ಲದಿದ್ದರೆ ನೀವೇ ಬರೆಯಬೇಕು, ನೀವೇ ಸಾಕಬೇಕು. ಸಹೋದ್ಯೋಗಿ ಬರೆಯಬಲ್ಲರು. ಅವರು ನಿವೃತ್ತರಾದ ಮೇಲೆ ಯಾರು ಎಂದು ಕೇಳಿ.

ಆಲ್ಪೈನ್‌ಗೆ ಹೋಗುವುದು ಇನಿಟ್ ಬದಲಾವಣೆಯಷ್ಟೇ ಅಲ್ಲ, ಅಡಿಪಾಯದ ಸಿ ಲೈಬ್ರರಿಯೇ ಬದಲಾಗುತ್ತದೆ. ಡೆಬಿಯನ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಗೆಂದು ಕಟ್ಟಿದ ವಾಣಿಜ್ಯ ತಂತ್ರಾಂಶಗಳು ಆಲ್ಪೈನ್‌ನ ಮಸಲ್ ಲೈಬ್ರರಿಯ ಮೇಲೆ ಓಡದೇ ಹೋಗಬಹುದು. ದೊಡ್ಡ ಡಿಎನ್‌ಎಸ್ ಉತ್ತರಗಳಿಗೆ ಟಿಸಿಪಿ ಬಳಸುವುದನ್ನು ಮಸಲ್ ಕಲಿತದ್ದೇ 2023ರ 1.2.4ರಲ್ಲಿ. ಕಂಟೇನರ್‌ಗಳಿಗೆ ಆಲ್ಪೈನ್ ಒಳ್ಳೆಯದು, ಅಲ್ಲಿ ಸಾಮಾನ್ಯವಾಗಿ ಯಾವ ಇನಿಟ್ ವ್ಯವಸ್ಥೆಯೂ ಇರುವುದಿಲ್ಲ. ನಿಮ್ಮ ಇಡೀ ಸರ್ವರ್ ಸಮೂಹವನ್ನು ಅದರ ಮೇಲೆ ಕೂರಿಸಲು ನಾನು ಸಲಹೆ ಕೊಡುವುದಿಲ್ಲ.

ಒಂದು ವಿಷಯವನ್ನು ನಿಮ್ಮ ಸಹೋದ್ಯೋಗಿ ಲೆಕ್ಕಕ್ಕೆ ಹಿಡಿದಿರಲಿಕ್ಕಿಲ್ಲ. ಸೇವೆಗಳಿಗೆ ಬೇಲಿ ಹಾಕುವ ಸುಲಭ ಸೌಲಭ್ಯ ಸಿಸ್ಟಮ್‌ಡಿಯಲ್ಲಿದೆ: ಈ ಸೇವೆ ಸಿಸ್ಟಂ ಡೈರೆಕ್ಟರಿಗಳಲ್ಲಿ ಬರೆಯಬಾರದು, ಹೊಸ ಅಧಿಕಾರ ಪಡೆಯಬಾರದು, ಇಷ್ಟೇ ಮೆಮೊರಿ ಬಳಸಬೇಕು ಎಂದು ಒಂದೊಂದು ಸಾಲಿನಲ್ಲಿ ಹೇಳಬಹುದು. ಬಿಟ್ಟು ಹೋದರೆ ಅದನ್ನೆಲ್ಲ ಬೇರೆ ಸಾಧನಗಳಿಂದ ಮತ್ತೆ ಕಟ್ಟಬೇಕಾಗುತ್ತದೆ.

ಮೊದಲು ಡೆಬಿಯನ್ 10ರ ಯಂತ್ರಗಳನ್ನು ಮೇಲೇರಿಸಿ. ಆವೃತ್ತಿಗಳನ್ನು ಹಾರಿಸದೆ, ಒಂದೊಂದೇ ಮೆಟ್ಟಿಲು. ಅದು ಮುಗಿದ ಮೇಲೂ ಸಹೋದ್ಯೋಗಿಯ ಪಟ್ಟು ಸಡಿಲವಾಗದಿದ್ದರೆ, ಕೆಟ್ಟರೂ ಯಾರಿಗೂ ನಷ್ಟವಾಗದ ಒಂದು ಯಂತ್ರದಲ್ಲಿ ಡೆವುವಾನ್ ಹಾಕಲು ಹೇಳಿ. ಅಲ್ಲಿ ಅವರು ಕೈಯಾರೆ ಬರೆಯಬೇಕಾಗಿ ಬಂದ ಸ್ಕ್ರಿಪ್ಟ್‌ಗಳನ್ನೆಲ್ಲ ಒಂದು ಕಡೆ ಕೂಡಿಡಲಿ. ಮುಂದಿನ ಡೆಬಿಯನ್ ಬಿಡುಗಡೆಯಾದಾಗ ಅವುಗಳಲ್ಲಿ ಎಷ್ಟನ್ನು ತಿದ್ದಬೇಕಾಯಿತು ಎಂದು ಇಬ್ಬರೂ ಕುಳಿತು ಎಣಿಸಿ.